ಬಣ್ಣ ತೊಳೆದ ಅಧ್ಯಕ್ಷರು

ನಮ್ಮ ಬೀದಿಯವರು ಗಣರಾಜ್ಯೋತ್ಸವದ ವೇದಿಕೆಗೆ ಅಲಂಕಾರವೆಂದು ಎಲ್ಲಿಂದಲೋ ಒಂದು ಹಳೆಯ ಚಂದ್ರಿಕೆ ತಂದು ಒರಗಿಸಿದ್ದಾರೆ. ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅದರ ಸುರುಳಿಗಳಿಗೆ ಈಗ ಕೇಸರಿ, ಬಿಳಿ, ಹಸಿರು ಕಾಗದದ ಹೂವು ಸಿಕ್ಕಿಸಿದ್ದಾರೆ. ನಾನು ಹತ್ತಿರ ಹೋಗಿ ಮೂಸಿ ನೋಡಿದೆ. ಮುದುಕರು ಏನು ಮೂಸಿದರೂ ಚಿಂತಾಮಣಿಯಲ್ಲಿ ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ. ಬಿದಿರಿನಲ್ಲಿ ಇನ್ನೂ ಹುಳುಮನೆಯ ವಾಸನೆ ಇತ್ತು.

ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣವಿತ್ತು. ದೇಶ ಕಟ್ಟಿದವರಿಂದ ಕಲಿಯಬೇಕಾದ ನಾಯಕತ್ವ, ಒಗ್ಗಟ್ಟು ಎಂಬ ವಿಷಯ ಕೊಟ್ಟಿದ್ದರು. ಮೇಷ್ಟರಾಗಿದ್ದವನಿಗೆ ಭಾಷಣವೆಂದರೆ ನೀರು ಕುಡಿದಷ್ಟು ಸುಲಭ. ಆದರೆ ಆ ವಾಸನೆ ಮೂಗಿಗೆ ಬಿದ್ದ ಮೇಲೆ ಹಾಳೆಗಳು ಯಾಕೋ ಸಪ್ಪೆ ಅನ್ನಿಸಿದವು. ಕಾರಣ ಹೇಳುತ್ತೇನೆ, ಕೇಳಿ.

ಐವತ್ತರ ದಶಕದ ಕೊನೆಯಲ್ಲಿ ನಾನು ದಿಬ್ಬೂರಹಳ್ಳಿ ಹತ್ತಿರದ ಒಂದು ಊರಿಗೆ ಮೇಷ್ಟರಾಗಿ ಹೋದೆ. ತೊಂಡೇಬಾವಿಯವನು ನಾನು, ರೈಲು ನೋಡಿ ಬೆಳೆದವನೇ ಹೊರತು ಹುಳು ನೋಡಿ ಬೆಳೆದವನಲ್ಲ. ತಲೆಗೆ ಘಮಘಮ ಎಣ್ಣೆ ಹಚ್ಚಿ, ಕ್ರಾಪು ತೀಡಿಕೊಂಡು, ಊರನ್ನು ಉದ್ಧಾರ ಮಾಡಲೆಂದೇ ಬಂದವನಂತೆ ಓಡಾಡುತ್ತಿದ್ದೆ. ಜನವರಿ ಇಪ್ಪತ್ತಾರಕ್ಕೆ ಊರಿನ ದೊಡ್ಡವರಿಂದಲೇ ಒಂದು ನಾಟಕ ಆಡಿಸುವುದೆಂದು ಹಟ ಹಿಡಿದೆ. ಸಂವಿಧಾನ ಬರೆಯಲು ಸೇರಿದ ಸಭೆಯ ನಾಟಕ, ಬರೆದದ್ದೂ ನಾನೇ. ಮನೆಗೊಬ್ಬರಂತೆ ಪಾತ್ರ ಹಂಚಿದೆ. ಎಲ್ಲರಿಗೂ ಮಾತನಾಡುವ ಪಾತ್ರವೇ ಬೇಕು. ಕೂತು ಕೇಳುವ ಸದಸ್ಯರು ಮಾತ್ರ ಎಷ್ಟು ಗೋಗರೆದರೂ ಸಿಗಲಿಲ್ಲ.

ಸಭೆಯ ಅಧ್ಯಕ್ಷರ ಪಾತ್ರ ಬೈರಪ್ಪನವರದು. ಊರಿಗೆ ಹಿರಿಯರು, ದಪ್ಪ ಮೀಸೆ, ಅವರ ಮಾತಿಗೆ ಎದುರಾಡುವವರಿರಲಿಲ್ಲ. 'ನನ್ನ ಮಾತೇ ಕೊನೆಯದಲ್ಲ, ತಿಳಿದವರು ಹೇಳಿ' ಎಂದು ಅಧ್ಯಕ್ಷರ ಬಾಯಲ್ಲಿ ಒಂದು ಸಾಲು ಇಟ್ಟಿದ್ದೆ. ತಾಲೀಮಿನಲ್ಲಿ ಪ್ರತಿಸಲವೂ ಅವರು ಅದನ್ನು ನುಂಗಿಬಿಡುತ್ತಿದ್ದರು. ಒಂದು ದಿನ ಕೇಳಿಯೂ ಬಿಟ್ಟರು: "ಹಂಗಂದ್ಮೇಲೆ ಅಧ್ಯಕ್ಷನಾಗಿ ಏನ್ ಬಂತು ಮೇಷ್ಟ್ರೇ?" ಮುಂದಿನ ಸಾಲು ಹೇಳಿ ಎಂದು ನಾನು ಹಾಳೆ ತಿರುವಿದೆ. ಬರೆದವನಿಗೆ ಅರ್ಥ ಗೊತ್ತಿರಬೇಕೆಂದು ಕಾನೂನೇನೂ ಇಲ್ಲವಲ್ಲ.

ಬೈರಪ್ಪನವರ ತಮ್ಮ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಹೆಂಡತಿ ಲಕ್ಷ್ಮಮ್ಮ ಗಂಡನ ಹುಳುಮನೆಯನ್ನು ತಾನೇ ನಡೆಸುತ್ತೇನೆಂದು ನಿಂತಿದ್ದಳು. ಹೆಂಗಸೊಬ್ಬಳಿಂದ ಆಗದ ಕೆಲಸ ಎಂದು ಬೈರಪ್ಪನವರ ತೀರ್ಮಾನ. ಆದರೂ ಒಂದು ಬೆಳೆ ನೋಡೋಣ, ಕೆಟ್ಟರೆ ಹುಳುಮನೆ ನನ್ನ ಕೈಗೆ ಎಂದು ಪಂಚಾಯಿತಿ ಕಟ್ಟೆಯ ಮೇಲೆ ಹೇಳಿದ್ದರು. ಆ ಕಾಲದ ರೀತಿಯಲ್ಲಿ ಅವಳು ಭಾವನ ಎದುರು ನೇರವಾಗಿ ಮಾತನಾಡಿದವಳೇ ಅಲ್ಲ. ಏನಿದ್ದರೂ ಬಾಗಿಲ ಹಿಂದೆ ನಿಂತು ಇನ್ನೊಬ್ಬರ ಮೂಲಕ.

ಹುಳು ಹಣ್ಣಾಗುವುದು ಎಂದರೆ ಮೇವು ಬಿಟ್ಟು, ಹಳದಿ ತಿರುಗಿ, ಗೂಡಿಗೆ ಜಾಗ ಹುಡುಕುವುದು. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಎಲೆಯ ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳು. ಅದಕ್ಕೇ ಊರಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನನ್ನ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾನು. ನಾಟಕದ ಹಿಂದಿನ ದಿನ ಲಕ್ಷ್ಮಮ್ಮ ನನಗೆ ಹೇಳಿ ಕಳಿಸಿದ್ದಳು, ನಾಳೆ ಹಣ್ಣಾಗುವ ಹಾಗಿದೆ, ಜನರನ್ನು ಬಿಟ್ಟುಕೊಡಿ ಎಂದು. ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ನಾಟಕ ನಿಲ್ಲಿಸಲಾಗದು ಎಂದು ನಾನು ಹೇಳಿ ಕಳಿಸಿದೆ. ದೇಶದ ಮುಂದೆ ಹುಳು ಯಾವ ಲೆಕ್ಕ ಎಂದೂ ಸೇರಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮುಂದಿನ ಕುರ್ಚಿಯಲ್ಲಿ, ಇಡೀ ಊರು ಅವರ ಹಿಂದೆ. ಬಿಳಿ ಟೋಪಿ, ಮುಖಕ್ಕೆ ಬಣ್ಣ, ಪೌಡರು; ಸಭೆ ಆಗತಾನೆ ಶುರುವಾಗಿತ್ತು. ಲಕ್ಷ್ಮಮ್ಮ ಬಂದು ಜನರ ಅಂಚಿನಲ್ಲಿ ನಿಂತಳು. ಬೆರಳೆಲ್ಲ ಎಲೆಯ ಹಸಿರು. "ಹಣ್ಣಾದವು. ಎಲೆ ಮೇಲೇ ಕಟ್ತಾ ಅವೆ" ಎಂದಳು, ಯಾರನ್ನೂ ನೋಡದೆ. ಎರಡನೇ ಸಲ ಹೇಳದೆ ಹೊರಟುಹೋದಳು.

ಬೈರಪ್ಪನವರು ನನ್ನ ಕಡೆ ನೋಡಿದರು. ಮುಂದಿನದು ಅದೇ ಅವರು ನುಂಗುವ ಸಾಲು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಸಂಜೆಯ ಹೊತ್ತಿಗೆ ಹುಳುಮನೆ ಅವರದಾಗುತ್ತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಟೋಪಿ ತೆಗೆದು ಮಡಚಿ ಜೇಬಿಗಿಟ್ಟು ವೇದಿಕೆಯಿಂದ ಇಳಿದರು. ಹಿಂದೆಯೇ ಇಡೀ ಸಭೆ ಇಳಿಯಿತು.

ಹುಳುಮನೆಯ ಬಾಗಿಲಲ್ಲಿ ಲಕ್ಷ್ಮಮ್ಮ ಅಡ್ಡ ನಿಂತಿದ್ದಳು. ಅಂದು ಮೊದಲ ಸಲ ಭಾವನ ಮುಖ ನೋಡಿ ಮಾತನಾಡಿದಳು. "ಬಣ್ಣ ತೊಳ್ಕೊಂಡ್ ಬನ್ನಿ ಭಾವ. ಆ ವಾಸ್ನೆ ಹುಳಕ್ಕಾಗಲ್ಲ."

ಬೈರಪ್ಪನವರು ಬಾವಿಯ ಹತ್ತಿರ ಹೋಗಿ ಸೀಗೇಪುಡಿ ಹಾಕಿ ಮುಖ ಉಜ್ಜಿದರು. ದೇಶ ಕಟ್ಟಿದವರೆಲ್ಲ ಅವರ ಹಿಂದೆ ಸಾಲಾಗಿ ನಿಂತರು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಅವರು ವಾಪಸು ಬಂದು ಬಾಗಿಲಲ್ಲಿ ಬಗ್ಗಿ ಕೇಳಿದರು.

"ಎಲ್ಲಿಂದ ಶುರು ಮಾಡ್ಲಮ್ಮ?"

ಆಮೇಲೆ ನಡೆದದ್ದೇ ನಿಜವಾದ ಸಭೆ. ಕಣ್ಣು ಚುರುಕಿದ್ದವರು ಆರಿಸಲು, ತೋಳಿನಲ್ಲಿ ಬಲವಿದ್ದವರು ಚಂದ್ರಿಕೆ ಹೊರಲು, ಬೈರಪ್ಪನವರು ಹುಳು ಸಾಕುವ ಕೆಳಗಿನ ತಟ್ಟೆಗೆ ಎಂದು ಲಕ್ಷ್ಮಮ್ಮ ಹಂಚಿದಳು. ಒತ್ತಾಗಿ ಬಿಡಬೇಡಿ, ಎರಡು ಹುಳು ಒಂದೇ ಗೂಡು ಕಟ್ಟಿ ಎರಡೂ ಕೆಡುತ್ತವೆ ಎಂದು ಮತ್ತೆಮತ್ತೆ ಎಚ್ಚರಿಸಿದಳು. ನನ್ನ ತಲೆಯ ಎಣ್ಣೆ ಯಾವ ಸೀಗೆಗೂ ಜಗ್ಗದೆ ನಾನು ಹೊರಗೇ ಉಳಿದೆ. ಹೊರಗೆ ನೆರಳಿಗೆ ಒರಗಿಸಿದ ಚಂದ್ರಿಕೆ ಗಾಳಿಗೆ ಬೀಳದಂತೆ ಹಿಡಿದು ನಿಲ್ಲುವ ಕೆಲಸ ನನ್ನದು. ಇನ್‌ಸ್ಪೆಕ್ಟರ್ ಹುಡುಕಿಕೊಂಡು ಬಂದು ನಾಟಕ ಎಲ್ಲಿ ಎಂದು ಕೇಳಿದರು. ಒಳಗೆ ನಡೀತಿದೆ ಸಾರ್ ಎಂದೆ. ಬಗ್ಗಿ ನೋಡಿ, ಬಹಳ ಹೊತ್ತು ಅಲ್ಲೇ ನಿಂತರು.

ಸ್ವಲ್ಪ ಹುಳು ಕಸದಲ್ಲಿ ಹೋಯಿತು, ಬೆಳೆ ಉಳಿಯಿತು. ಹುಳುಮನೆ ಲಕ್ಷ್ಮಮ್ಮನ ಕೈಯಲ್ಲೇ ಉಳಿಯಿತು, ಬೈರಪ್ಪನವರು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ಭಾನುವಾರ ನಾಟಕ ಆಡಿದೆವು. ಆ ಸಾಲನ್ನು ಅವರು ನುಂಗಲಿಲ್ಲ. ಸಂವಿಧಾನ ಬರೆದ, ಒಬ್ಬರಿಗೊಬ್ಬರು ಒಪ್ಪದ ಆ ದೊಡ್ಡ ಮನುಷ್ಯರು ವರ್ಷಗಟ್ಟಲೆ ಒಂದೇ ಸೂರಿನಡಿ ಕೂತು ಕೆಲಸ ಮುಗಿಸಿದ್ದು ಹೇಗೆ ಎಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಆ ಬಾವಿಕಟ್ಟೆಯಿಂದ.

ಇಲ್ಲಿ, ನಮ್ಮ ಬೀದಿಯ ವೇದಿಕೆಯ ಮೇಲೆ ನನಗೊಂದು ಕುರ್ಚಿ ಹಾಕಿದ್ದರು. ಕೆಳಗೆ, ಕಾರ್ಯಕ್ರಮದ ಹೊಣೆ ಹೊತ್ತ ಹುಡುಗಿ ಸೌಮ್ಯ ಒಬ್ಬಳೇ ಕುರ್ಚಿ ಎಳೆದು ಜೋಡಿಸುತ್ತಿದ್ದಳು. ಜನ ಬರುವ ಹೊತ್ತಾಗಿತ್ತು. ನಾನು ಭಾಷಣವನ್ನು ಮಡಚಿ ಜೇಬಿನ ತಳಕ್ಕೆ ತುರುಕಿ, ಶಾಲು ತೆಗೆದಿಟ್ಟು ಅವಳ ಹತ್ತಿರ ಹೋದೆ.

"ಎಲ್ಲಿಂದ ಶುರು ಮಾಡ್ಲಮ್ಮ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಕಡೆ ಸಾಲಿಂದ ತಾತ. ಒತ್ತಾಗಿ ಹಾಕ್ಬೇಡಿ."