ಬೆಟ್ಟಕ್ಕೆ ಹೊರಟ ಬೀರು

ನಮ್ಮ ಬೀದಿಯ ಇಳಿಜಾರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇಲ್ತುದಿಯ ಮನೆಯಲ್ಲಿ ಮಗು ಅತ್ತರೆ ಕಣ್ಣೀರು ಕೆಳತುದಿಯ ಮನೆಯ ಹೊಸ್ತಿಲಿಗೆ ಬಂದು ಸೇರುತ್ತದೆ. ಕೈಜಾರಿದ ಈರುಳ್ಳಿಯನ್ನು ಇಲ್ಲಿ ಯಾರೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಕೆಳಗಿನ ಮನೆಯವರು ತರಕಾರಿ ಕೊಳ್ಳುವುದನ್ನು ಬಿಟ್ಟು ವರ್ಷಗಳಾದವು. ಇಂಥ ಬೀದಿಯ ನಟ್ಟನಡುವೆ, ಲೋಕದಲ್ಲಿ ಸಕಲವೂ ಮಟ್ಟಸವಾಗಿರಬೇಕು ಎಂದು ಹಟ ಹಿಡಿದ ಮನುಷ್ಯನೊಬ್ಬನನ್ನು ವಿಧಿ ತಂದು ಕೂರಿಸಿತು. ಪಾಪ, ವಿಧಿಗೂ ಹೊತ್ತು ಹೋಗಬೇಕಲ್ಲ.

ಅವನು ಬಡಗಿ. ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ಗೋಡೆಯ ಗೂಡು ಮಾಡಿಕೊಡುವುದು ಕಸುಬು. ತಂದೆತಾಯಿ ಇಟ್ಟ ಹೆಸರೊಂದಿತ್ತು. ಬೀದಿಯವರು ಬಳಸದೆ ಅದು ತುಕ್ಕು ಹಿಡಿದು ಹೋಗಿ ಈಗ ಎಲ್ಲರಿಗೂ ಅವನು 'ರಸಮಟ್ಟ'. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಓಡಾಡುತ್ತಾ, ಹಲಗೆ ಮಟ್ಟವಾದಾಗ ನಡುವೆ ಬಂದು ನಿಲ್ಲುವ ಆ ಸಲಕರಣೆ ಸದಾ ಅವನ ಹಿಂಜೇಬಿನಲ್ಲಿರುತ್ತಿತ್ತು. ಯಾರ ಮನೆಗೆ ಹೋದರೂ ಕುರ್ಚಿಯ ಮೇಲೆ ಮೊದಲು ಅದು ಕೂರಬೇಕು, ಆಮೇಲೆ ಇವನು. ಹೆಣ್ಣು ನೋಡಲು ಹೋದ ದಿನ ಕಾಫಿ ಲೋಟ ಇಡುವ ಮೊದಲು ಮೇಜಿನ ಮಟ್ಟ ನೋಡಿದನಂತೆ. ಮೇಜು ವಾಲಿತ್ತು. ಅದರ ಕಾಲಿಗೆ ಕಾಗದ ಮಡಚಿ ಇಟ್ಟು, ಹುಡುಗಿಯ ಮುಖವನ್ನು ನೋಡದೆಯೇ ಒಪ್ಪಿಗೆ ಎಂದು ಬಂದನಂತೆ. ಇದು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೇಳುವ ಮಾತು. ಆಕೆಯ ಮಾತಿನಲ್ಲಿ ಅರ್ಧ ಕಳೆದರೂ ಉಳಿದದ್ದು ಒಬ್ಬ ಮನುಷ್ಯನನ್ನು ಊರು ಬಿಡಿಸಲು ಸಾಕು.

ಹೆಂಡತಿ ಅಂಚೆ ಹಂಚುವವಳು. ಏರುತಗ್ಗಿನ ಈ ಊರಿನಲ್ಲಿ ವರ್ಷಾನುಗಟ್ಟಲೆ ಸೈಕಲ್ ತುಳಿದು ಅವಳ ಮೀನಖಂಡ ಎಷ್ಟು ಗಟ್ಟಿಯಾಗಿತ್ತೆಂದರೆ, ಕಚ್ಚಲು ಓಡಿಬಂದ ನಾಯಿಗಳು ತಮ್ಮ ಹಲ್ಲಿನ ಭವಿಷ್ಯ ನೆನೆದು ಅರ್ಧದಾರಿಯಲ್ಲೇ ವಾಪಸಾಗುತ್ತಿದ್ದವು. ವಾರವೆಲ್ಲ ತುಳಿದವರು ಭಾನುವಾರವಾದರೂ ಕಾಲು ಚಾಚಿ ಮಲಗುತ್ತಾರೆ ಎಂಬುದು ನಮ್ಮಂಥವರ ತಿಳಿವಳಿಕೆ. ಇವಳು ದಪ್ಪ ಚಕ್ರದ ಬೆಟ್ಟದ ಸೈಕಲ್ಲನ್ನು ಗೆಳತಿಯೊಬ್ಬಳ ಜೀಪಿಗೆ ಕಟ್ಟಿಕೊಂಡು ಹೋಗಿ, ಮೇಕೆಗಳು ಕೂಡ ಯೋಚಿಸಿ ಕಾಲಿಡುವ ಕಡೆಯಲ್ಲಿ ಕಲ್ಲು ಬೇರುಗಳ ಮೇಲೆ ಹಾರಿಸಿಕೊಂಡು ಇಳಿಯುತ್ತಿದ್ದಳು. ಗಂಡ ಮನೆಯಲ್ಲಿ ಕೂತು, ಸರಿಯಾಗಿಯೇ ಇದ್ದ ಬಾಗಿಲುಗಳನ್ನು ಮತ್ತಷ್ಟು ಸರಿಮಾಡುತ್ತಿದ್ದ.

ಆ ಗೆಳತಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು. ಅದೇ ಹೊತ್ತಿಗೆ ಅರಣ್ಯದವರು ಬೆಟ್ಟದ ಮೇಲೊಂದು ಬೋರ್ಡು ನೆಟ್ಟರು: ನೆತ್ತಿಯಿಂದ ಕಣಿವೆಗಿಳಿಯುವ ಹಳೆಯ ಹಾದಿಯನ್ನು ಮುಂದಿನ ಬೇಸಿಗೆ ಮುಗಿದ ಮೇಲೆ ಶಾಶ್ವತವಾಗಿ ಮುಚ್ಚಲಾಗುವುದು, ಕಾಡುಪ್ರಾಣಿಗಳಿಗೆ ನೆಮ್ಮದಿ ಬೇಕಾಗಿದೆ. ಬೆಟ್ಟದ ಮಿಕ್ಕ ಹಾದಿಗಳನ್ನೆಲ್ಲ ಅವಳು ಇಳಿದಾಗಿತ್ತು. ಇದೊಂದನ್ನು ಬೇಕೆಂದೇ ಉಳಿಸಿಕೊಂಡಿದ್ದಳು, ಗಂಡನ ಜೊತೆ ಇಳಿಯಬೇಕು ಎಂದು. ಅವನಿಗೂ ಒಂದು ಸೈಕಲ್ಲು ಕೊಡಿಸಿ, ನಮ್ಮ ಬೀದಿಯಲ್ಲೇ ಕಲಿಸಿಯೂ ಇದ್ದಳು. ಇಳಿಜಾರಿನಲ್ಲಿ ಅವನು ಎರಡೂ ಬ್ರೇಕು ಹಿಡಿದು ಎಷ್ಟು ನಿಧಾನವಾಗಿ ಇಳಿಯುತ್ತಿದ್ದನೆಂದರೆ, ಹೊರಟಾಗ ಅಂಗಿ ಒಗೆದು ಹಾಕಿದರೆ ಕೆಳಗೆ ತಲುಪುವಾಗ ಒಣಗಿರುತ್ತಿತ್ತು.

ಗೆಳತಿ ಹೋದ ವಾರ ಅವನು ಹೆಂಡತಿಗೆ ಮಾತು ಕೊಟ್ಟ. ಇನ್ನು ಯಾರ ಜೀಪಿಗೂ ಕಾಯುವುದು ಬೇಡ, ತಾನೇ ಒಂದು ವ್ಯಾನು ಸಿದ್ಧಮಾಡುತ್ತೇನೆ, ಸೈಕಲ್ಲೂ ಅದರಲ್ಲೇ, ಮಲಗುವುದೂ ಅದರಲ್ಲೇ, ಮುಂದಿನ ಬೇಸಿಗೆಗೆ ಹಾದಿ ಮುಚ್ಚುವ ಮೊದಲು ಇಬ್ಬರೂ ಇಳಿದು ಬರೋಣ ಎಂದ. ಅವಳು ನಂಬಿದಳು. ಅವನು ಸುಳ್ಳು ಹೇಳುವವನಲ್ಲ. ಮುಗಿಸುವವನೂ ಅಲ್ಲ ಎಂಬುದು ಅವಳಿಗೆ ಆಗಿನ್ನೂ ಪೂರ್ತಿ ತಿಳಿದಿರಲಿಲ್ಲ.

ವ್ಯಾನು ಬಂತು. ಹಿಂದೆ ಬ್ರೆಡ್ಡು ಹಂಚುತ್ತಿದ್ದ ಗಾಡಿ. ಅದರ ವಾಸನೆಗೆ ಅರ್ಧ ಊರಿನ ನಾಯಿಗಳು ಹಿಂದೆಯೇ ಮೆರವಣಿಗೆ ಬಂದವು. ಮನೆಯ ಮುಂದೆ, ಮೂತಿ ಮೇಲ್ಮುಖವಾಗಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಲಸ ಶುರುಮಾಡಿದ.

ಬೇರೆ ಯಾರಾದರೂ ಆಗಿದ್ದರೆ ಒಂದು ಹಾಸಿಗೆ ಎಸೆದು, ಎರಡು ಕೊಕ್ಕೆ ಹೊಡೆದು ಹೊರಡುತ್ತಿದ್ದರು. ಇವನು ಬೀರು ಮಾಡುವವನು. ಡ್ರೈವರ್ ಸೀಟಿನ ಹಿಂದೆ ಸೈಕಲ್ಲುಗಳಿಗೆಂದೇ ಒಂದು ಬೀರು, ಬೆನ್ನಿಗೆ ಉಕ್ಕಿನ ತಗಡು, ಮುಂದೆ ದಪ್ಪ ಮರದ ಬಾಗಿಲು. ಅದರ ಎದುರಿಗೆ, ನಡುವೆ ಒಬ್ಬರು ಉಸಿರು ಹಿಡಿದು ನಿಲ್ಲುವಷ್ಟು ಜಾಗ ಬಿಟ್ಟು, ನೆಲದಿಂದ ಎದೆಮಟ್ಟದವರೆಗೆ ಡ್ರಾಯರುಗಳು. ಅವುಗಳ ಹಿಂದೆ ಮಂಚ. ಚಮಚಕ್ಕೊಂದು ಡ್ರಾಯರು, ಕಾಲುಚೀಲಕ್ಕೊಂದು, ಒಂಟಿಯಾಗಿ ಉಳಿದ ಕಾಲುಚೀಲಕ್ಕೆ ಇನ್ನೊಂದು. ಮಳೆಗಾಲ ಪೂರ್ತಿ ತಾಡಪಾಲಿನ ಕೆಳಗೆ ಉಜ್ಜಿದ. ಚಳಿಗಾಲ ಪೂರ್ತಿ ಬಣ್ಣ ಬಳಿದ. ಪ್ರತಿ ಹಲಗೆ ಕೂರಿಸುವಾಗಲೂ ಗುಳ್ಳೆ ನಡುವೆ ಬಂದು ನಿಂತ ಮೇಲೇ ಮೊಳೆ. ಡ್ರಾಯರುಗಳ ಕೆಳಗೆ ಎಂಥ ನಯವಾದ ಗಾಲಿಗಳನ್ನು ಹಾಕಿದ್ದನೆಂದರೆ, ಪಕ್ಕದ ಮನೆಯಲ್ಲಿ ಯಾರಾದರೂ ಸೀನಿದರೂ ತೆರೆದುಕೊಳ್ಳಬೇಕು; ಆದರೆ ಅಲುಗಾಡದೆ ನಿಂತಿದ್ದವು, ಯಾಕೆಂದರೆ ಎಲ್ಲವೂ ಅಷ್ಟು ಮಟ್ಟಸ.

ಬಾಮೈದನಿಗೆ ಗ್ಯಾರೇಜಿದೆ. ಒಂದು ದಿನ ಬಂದು, ಗಾಡಿಯ ಕೆಳಗೆ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡ.

"ಭಾವ, ಇದಕ್ಕೆ ಎಂಜಿನ್ ಬೇಡ. ಅಡಿಪಾಯ ಹಾಕ್ಸಿ."

ಹಾಗೆಯೇ, ಡ್ರಾಯರುಗಳಿಗೆ ಚಿಲಕ ಎಲ್ಲಿ ಎಂದೂ ಕೇಳಿದ. ರಸಮಟ್ಟನಿಗೆ ಅದು ತನ್ನ ಕುಲಕ್ಕೇ ಬೈದಂತೆ ಕೇಳಿಸಿತು.

"ಮಟ್ಟವಾಗಿ ಕೂತಿರೋದಕ್ಕೆ ಚಿಲಕ ಯಾಕಪ್ಪ? ಚಿಲಕ ಹಾಕೋದು ಕೆಲಸ ಬರದವರು."

ಅತ್ತೆ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಮೂಗಿಗಿಂತ ಮೂಗುತಿ ಭಾರ ಎಂದು ಗಾಡಿಗೂ ಕೇಳುವಂತೆ ಹೇಳಿದಳು. ಆ ವ್ಯಾನು ಬೀದಿಯಲ್ಲಿ ನಿಂತ ಕಾಲದಲ್ಲಿ ಎದುರು ಮನೆಯ ಹುಡುಗಿ ಮದುವೆಯಾಗಿ, ಬಸುರಿಯಾಗಿ, ತವರಿಗೆ ಬಂದು, ಕೂಸು ಹೊತ್ತು ವಾಪಸು ಹೋದಳು. ಬಡಗಿ ಇನ್ನೂ ಬಾಗಿಲಿನ ಅಂಚು ತೀಡುತ್ತಿದ್ದ. ಬೇಸಿಗೆ ಬಂತು, ಬಿಸಿಲು ಏರಿತು, ಇಳಿಯತೊಡಗಿತು. ಗಂಡ ಆಸೆಯಿಂದ ಮಾಡುತ್ತಿದ್ದಾನೆ ಎಂದು ಹೆಂಡತಿ ಇಷ್ಟೂ ದಿನ ತಾಳಿಕೊಂಡಳು. ಅವಳ ಸೈಕಲ್ಲಿನ ಸೀಟಿನ ಮೇಲೆ ಜೇಡ ಸಂಸಾರ ಹೂಡಿತ್ತು.

ಹಾದಿ ಮುಚ್ಚಲು ಒಂದೇ ಭಾನುವಾರ ಉಳಿದಾಗ ಅವಳು ಜೇಡವನ್ನು ಒಕ್ಕಲೆಬ್ಬಿಸಿದಳು. ಅವನು ಇನ್ನೊಂದು ಕೈ ವಾರ್ನಿಶ್ ಬಾಕಿ ಎಂದ. ಅವಳು, ಒಣಗುತ್ತಾ ಬರಲಿ, ಹತ್ತಿ ಎಂದಳು.

ನಮ್ಮ ಬೀದಿಯಿಂದ ಬೆಟ್ಟದ ನೆತ್ತಿಯವರೆಗೆ ರಸ್ತೆಗೆ ಏರುವುದೊಂದೇ ಗೊತ್ತು. ಆದ್ದರಿಂದ ದಾರಿಯುದ್ದಕ್ಕೂ ಡ್ರಾಯರುಗಳು ಸಭ್ಯಸ್ಥರಂತೆ ಗೂಡಿಗೆ ಒರಗಿ ಕೂತಿದ್ದವು. ವೇಗದ ವಿಷಯ ಮಾತ್ರ ಕೇಳಬೇಡಿ. ಒಂದು ತಿರುವಿನಲ್ಲಿ ಬಸವನಹುಳು ಹಾರ್ನ್ ಹೊಡೆದು ಮುಂದೆ ಹೋಯಿತು ಎಂದು ಹೆಂಡತಿ ಬೀದಿಗೆ ವರದಿ ಮಾಡಿದಳು. ಹಾರ್ನ್ ಹೊಡೆದದ್ದು ಸುಳ್ಳಿರಬಹುದು. ಬೆಳಿಗ್ಗೆ ಹೊರಟವರು ನೆತ್ತಿ ಮುಟ್ಟುವಾಗ ಹೊತ್ತು ಬಾಗಿತ್ತು.

ನೆತ್ತಿಯ ಮೇಲೆ ಗಾಡಿ ನಿಲ್ಲಿಸಲು ಒಂದು ಬಯಲಿದೆ, ಅಂಗೈಯಷ್ಟು ಸಮ. ಅವನು ಅಲ್ಲಿಗೆ ತಿರುಗಿಸಿ ಬ್ರೇಕು ಒತ್ತಿದ. ಒಳಗೆ ಗೋದಾಮು ಕುಸಿದಂಥ ಸದ್ದಾಯಿತು.

ಪಕ್ಕದ ಬಾಗಿಲು ತೆರೆದು ನೋಡಿದರೆ ಡ್ರಾಯರುಗಳೆಲ್ಲ ಒಟ್ಟಿಗೆ ನುಗ್ಗಿ ಬಂದು ಎದುರಿನ ಬೀರಿಗೆ ಎದೆಯೊಡ್ಡಿ ನಿಂತಿದ್ದವು. ಚಮಚಗಳು ಸೀಟಿನ ಕೆಳಗೆ, ಒಂಟಿ ಕಾಲುಚೀಲ ಗೇರಿನ ಮೇಲೆ. ಎಲ್ಲಕ್ಕಿಂತ ಕೆಳಗಿನ ಡ್ರಾಯರು ಬೀರಿನ ಬಾಗಿಲಡಿಯ ಸಂದಿಗೆ ತೂರಿ, ಬೆಣೆ ಹೊಡೆದ ಹಾಗೆ ಕಚ್ಚಿಕೊಂಡಿತ್ತು. ಮೇಲಿನವನ್ನು ತಳ್ಳಿದರೆ ಒಳಗೆ ಹೋಗಿ, ಕೈ ಬಿಟ್ಟರೆ ನೆಂಟರ ಹಾಗೆ ವಾಪಸು ಬರುತ್ತಿದ್ದವು. ಕೆಳಗಿನದು ಅಲುಗಲಿಲ್ಲ. ಸೈಕಲ್ಲುಗಳು ಬೀರಿನೊಳಗೆ, ಬೀರಿಗೆ ಡ್ರಾಯರಿನ ಕಾವಲು.

ಅವನು ಹಿಂಜೇಬಿನಿಂದ ರಸಮಟ್ಟ ತೆಗೆದು ಡ್ರಾಯರಿನ ಗೂಡಿನ ಮೇಲಿಟ್ಟ. ಗುಳ್ಳೆ ಬೆಂಕಿ ಕಂಡಂತೆ ಒಂದು ಕೊನೆಗೆ ಓಡಿತು. ಇದು ನೆಲದ ತಪ್ಪು, ಬಯಲೇ ವಾಲಿದೆ ಎಂದು ಸಾರಿ, ಸಾಬೀತು ಮಾಡಲು ಕೆಳಗಿಳಿದು ನೆಲದ ಮೇಲಿಟ್ಟ. ಗುಳ್ಳೆ ನಡುವೆ ಬಂದು ಆರಾಮಾಗಿ ಕೂತಿತು. ಅಷ್ಟು ವರ್ಷ ಸಾಕಿದ ಗುಳ್ಳೆ ಮೊದಲ ಸಲ ಎದುರು ಪಕ್ಷದ ಸಾಕ್ಷಿ ಹೇಳಿತು. ವಾಲಿದ್ದು ಬೆಟ್ಟವಲ್ಲ, ಗೂಡು. ಅವನು ಎರಡು ಬೇಸಿಗೆಯ ನಡುವಿನ ಭಾನುವಾರಗಳನ್ನೆಲ್ಲ ಸುರಿದು, ವಾಲಿದ ಬೀದಿಯಲ್ಲಿ ನಿಂತ ಗಾಡಿಯೊಳಗೆ ಬೀದಿಗೆ ತಕ್ಕಂತೆ ಮಟ್ಟ ಮಾಡಿದ್ದ. ಆ ವ್ಯಾನು ಇಡೀ ಭೂಮಂಡಲದಲ್ಲಿ ಸರಿಯಾಗಿ ನಿಲ್ಲುವ ಜಾಗ ಒಂದೇ, ಅವನ ಮನೆಯ ಬಾಗಿಲು.

ಹಾದಿಯ ಬಾಯಲ್ಲಿ ಗೇಟಿನವನು ಬೀಗ ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ನೆರಳು ಎದುರು ಗುಡ್ಡದ ಅರ್ಧಕ್ಕೆ ಏರುವಷ್ಟರಲ್ಲಿ ಒಳಗೆ ಹೋದರೆ ಉಂಟು, ಆಮೇಲೆ ಬೀಗ, ನಾಳೆಯಿಂದ ಗೋಡೆ ಎಂದ. ಅವನಿಗೆ ಇವರ ಮೇಲೆ ಸಿಟ್ಟೇನಿಲ್ಲ. ಪ್ರಾಣಿಗಳ ಮೇಲೆ ಪ್ರೀತಿಯೂ ಇದ್ದಂತೆ ಕಾಣಲಿಲ್ಲ.

ರಸಮಟ್ಟ ಎರಡು ಉಪಾಯ ಮುಂದಿಟ್ಟ. ಒಂದು, ವಾಪಸು ಇಳಿದು ಹೋಗಿ, ಮೂತಿ ಮೇಲಾಗುವಂಥ ಏರು ಹುಡುಕಿ ನಿಲ್ಲಿಸಿದರೆ ಡ್ರಾಯರುಗಳು ತಾವಾಗಿ ಒಳಗೆ ಹೋಗುತ್ತವೆ. ಇನ್ನೊಂದು, ಬೀರಿನ ಬಾಗಿಲನ್ನು ಸ್ಕ್ರೂ ಸ್ಕ್ರೂ ಬಿಚ್ಚುವುದು. ಬಣ್ಣಕ್ಕೆ ಪೆಟ್ಟಾಗದಂತೆ ಬಿಚ್ಚಿದರೆ ಕತ್ತಲೆಯ ಹೊತ್ತಿಗೆ ಮುಗಿಯುತ್ತದೆ. ಹೇಳುತ್ತಾ ಹೇಳುತ್ತಾ ಸ್ಕ್ರೂಡ್ರೈವರಿನ ಡ್ರಾಯರು ಹುಡುಕತೊಡಗಿದ. ಅದು ಕೆಳಗಿನಿಂದ ಮೊದಲನೆಯದು.

ಹೆಂಡತಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದವಳು ಹೆಲ್ಮೆಟ್ ತೆಗೆಯಲಿಲ್ಲ. ಸೀಟಿನಡಿಯಿಂದ ಜಾಕಿನ ಕಬ್ಬಿಣದ ಸರಳು ಎಳೆದು ತಂದು ಅವನ ಕೈಗಿಟ್ಟಳು.

"ನಾನು ಬೇಕೋ, ಬೀರು ಬೇಕೋ ಅಂತ ಕೇಳಲ್ಲ ರೀ. ಕೇಳಿದ್ರೆ ನೀವು ಅಳತೆ ತಗೊಳೋಕೆ ಹೋಗ್ತೀರ. ಇದ್ರಲ್ಲಿ ಹೊಡೀರಿ."

ಅವನು ಸರಳು ಹಿಡಿದು ನಿಂತ. ಆ ಬಾಗಿಲಿನ ಅಂಚನ್ನು ಅವನು ತೀಡಿದಷ್ಟು ಸಲ ಲೋಕದ ತಾಯಂದಿರು ಮಕ್ಕಳ ತಲೆ ಬಾಚಿರಲಿಕ್ಕಿಲ್ಲ. ಬೇಕಿದ್ದರೆ ಅವಳೇ ಹೊಡೆಯಬಹುದಿತ್ತು, ಆ ತೋಳಿನಲ್ಲಿ ಶಕ್ತಿಗೇನು ಬರ. ಹೊಡೆಯಲಿಲ್ಲ. ಕಾದಳು. ನೆರಳು ಎದುರು ಗುಡ್ಡವನ್ನು ಏರುತ್ತಿತ್ತು. ಗೇಟಿನವನು ತಮಾಷೆ ನೋಡಲು ಹತ್ತಿರ ಬಂದ.

ಹೊಡೆದ. ಮೊದಲ ಪೆಟ್ಟು ನಾಜೂಕಾಗಿ, ಪೇಷಂಟಿಗೆ ಸೂಜಿ ಚುಚ್ಚುವ ಹಾಗೆ. ಎರಡನೆಯದಕ್ಕೆ ಬಾಗಿಲು ಸೀಳಿತು. ಅದರ ಮೇಲೆ ಅವನಿಗೆ ಏನಾಯಿತೋ, ನಿಲ್ಲಿಸಲೇ ಇಲ್ಲ. ಬಾಗಿಲು ಹೋಯಿತು, ಚೌಕಟ್ಟು ಹೋಯಿತು, ಚಮಚದ ಡ್ರಾಯರು ತನ್ನ ತಪ್ಪೇನೂ ಇಲ್ಲದಿದ್ದರೂ ಹೋಯಿತು. ಸಾಕು, ಸೈಕಲ್ಲಿಗೆ ಬೀಳುತ್ತೆ ಎಂದು ಅವಳೇ ಕೈ ಹಿಡಿಯಬೇಕಾಯಿತು.

ಗೇಟಿನವನು ಅವರನ್ನು ಒಳಗೆ ಬಿಟ್ಟ. ನೆರಳು ಅರ್ಧಕ್ಕಿಂತ ಮೇಲೇ ಹೋಗಿತ್ತು, ಆದರೆ ಅಂಥ ಸರಳು ಕೈಯಲ್ಲಿ ಹಿಡಿದವನ ಜೊತೆ ನೆರಳಿನ ಅಳತೆಯ ಬಗ್ಗೆ ವಾದ ಮಾಡುವ ನೌಕರಿ ಅವನದ್ದಲ್ಲ. ಕೆಳಗಿನ ಗೇಟು ತೆಗೆದಿರುತ್ತದೆ, ರಸ್ತೆಯಲ್ಲಿ ತುಳಿದುಕೊಂಡು ಮೇಲೆ ಬಂದು ಗಾಡಿ ಒಯ್ಯಿರಿ ಎಂದನಷ್ಟೆ.

ಹಾದಿಯ ವರ್ಣನೆ ಅವಳು ಬೀದಿಗೆ ಹೆಚ್ಚೇನೂ ಹೇಳಲಿಲ್ಲ. ಬೇರುಗಳು ಮೆಟ್ಟಿಲಿನಂತಿದ್ದವು, ಒಂದು ಕಡೆ ನೀರು ಅಡ್ಡ ಹರಿಯುತ್ತಿತ್ತು, ಎಲೆಗಳ ಮೇಲೆ ಚಕ್ರಕ್ಕೆ ಸದ್ದೇ ಇರಲಿಲ್ಲ ಎಂದಳು, ಅಷ್ಟೆ. ಅವನು ಎರಡು ಕಡೆ ಬಿದ್ದ. ಅವನ ಪ್ರಕಾರ ಇಳಿದ, ಅವಳ ಪ್ರಕಾರ ಬಿದ್ದ. ಅವಳು ಮುಂದೆ ಹೋಗಿ, ಪ್ರತಿ ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದಳು. ಬೇಗ ಬನ್ನಿ ಎನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು ಎಂದು ಅವನು ಆಮೇಲೆ ಬಾಮೈದನ ಹತ್ತಿರ ಹೇಳಿಕೊಂಡ. ಕೊನೆಯ ತುಂಡಿನಲ್ಲಿ, ಕಣಿವೆ ಕಾಣುವ ಕಡೆ, ಅವನು ಬ್ರೇಕಿನಿಂದ ಬೆರಳು ತೆಗೆದನಂತೆ. ಎಷ್ಟು ಹೊತ್ತು ಎಂದು ಕೇಳಿದರೆ ಇಬ್ಬರ ಉತ್ತರವೂ ತಾಳೆಯಾಗುವುದಿಲ್ಲ. ಆದರೆ ಹೇಳುವಾಗ ಇಬ್ಬರೂ ನಗುತ್ತಾರೆ.

ಮರುದಿನ ಆ ಹಾದಿಗೆ ಗೋಡೆ ಎದ್ದಿತು. ಕಾಡುಪ್ರಾಣಿಗಳು ಈಗ ನೆಮ್ಮದಿಯಾಗಿವೆ ಎಂದು ಕೇಳಿದ್ದೇವೆ. ಅವುಗಳಿಂದ ಬೇರೆ ಸುದ್ದಿ ಇಲ್ಲ.

ಬಡಗಿ ವ್ಯಾನಿನಲ್ಲಿ ಉಳಿದದ್ದನ್ನು ರಿಪೇರಿ ಮಾಡುತ್ತಾನೆ ಎಂದು ಬೀದಿಯೆಲ್ಲ ಕಾದೆವು. ಅವನು ಎಲ್ಲವನ್ನೂ ಕಿತ್ತ. ಡ್ರಾಯರುಗಳು ಅತ್ತೆಯ ಕೋಣೆ ಸೇರಿದವು, ಮಂಚದ ಹಲಗೆಗಳಿಂದ ಗ್ಯಾರೇಜಿಗೆ ಎರಡು ಬೆಂಚಾದವು. ಖಾಲಿಯಾದ ವ್ಯಾನು ಹಗುರವಾಗಿ ನಿಟ್ಟುಸಿರು ಬಿಟ್ಟು ಒಂದು ಗೇಣು ಮೇಲೆದ್ದಿತು. ಬಾಮೈದ ಅದರ ಒಳಗೋಡೆಗೆ ನಾಲ್ಕು ಕಬ್ಬಿಣದ ಬಳೆ ಬೆಸೆದುಕೊಟ್ಟ. ಒಂದು ಸುರುಳಿ ಹಾಸಿಗೆ, ಒಂದು ಹಗ್ಗ, ಮುಗಿಯಿತು. ಮಾಡಲು ಒಂದು ಬೆಳಗು ಹಿಡಿಯಿತು ಎಂಬುದನ್ನು ಅವನ ಮುಂದೆ ಯಾರೂ ಎತ್ತಬಾರದೆಂದು ಬೀದಿಯವರು ತೀರ್ಮಾನಿಸಿ, ಎಲ್ಲರೂ ಒಬ್ಬೊಬ್ಬರಾಗಿ ಹೋಗಿ ಎತ್ತಿದೆವು.

ಅವಳಿಗೆ ಈಗ ಇನ್ನೂ ದೂರದ ಒಂದು ಬೆಟ್ಟ ಕಣ್ಣಿಗೆ ಬಿದ್ದಿದೆ. ಕಳೆದ ಭಾನುವಾರ ಹೊರಟರು. ರಸಮಟ್ಟ ಸೈಕಲ್ಲುಗಳನ್ನು ಬಳೆಗೆ ಕಟ್ಟಿದ. ಗಂಟು ಸೊಟ್ಟಗಾಯಿತು, ಒಂದು ಸೈಕಲ್ಲು ಇನ್ನೊಂದಕ್ಕೆ ಅಡ್ಡಾದಿಡ್ಡಿ ವಾಲಿತು. ನೋಡಿದ. ಅವನ ಬೆರಳುಗಳು ಒಮ್ಮೆ ಆಡಿದವು. ಬಿಚ್ಚದೆ ಹೋಗಿ ಮುಂದೆ ಕೂತ. ಅತ್ತೆ ಹೊಸ್ತಿಲಿನಿಂದ ಎದ್ದು ಬಂದು, ಹಿಂದಿನ ಬಾಗಿಲು ತೆಗೆದು, ಸೆರಗು ಸಿಕ್ಕಿಸಿಕೊಂಡು, ಆ ಗಂಟು ಬಿಚ್ಚಿ ಬಿಗಿಯಾಗಿ ಇನ್ನೊಂದು ಹಾಕಿದಳು. ಮನೆಯಲ್ಲಿ ಎಲ್ಲರೂ ಒಂದೇ ದಿನ ಸುಧಾರಿಸಿಬಿಟ್ಟರೆ ಸೈಕಲ್ಲುಗಳು ರಸ್ತೆಗೆ ಬೀಳುತ್ತವೆ.