ಐದನೆಯದಕ್ಕೆ ಗುರುತಿಲ್ಲ

ಡಿಸೆಂಬರ್ ಕೊನೆಯ ಗುರುವಾರ ಬೆಳಿಗ್ಗೆ ಆರೂವರೆಗೆ ಮಸ್ಕತ್‌ನ ವಾದಿ ಕಬೀರ್‌ನಿಂದ ಹೊರಟೆವು. ಆರೂವರೆ ಎಂದು ನಾನು ಬರೆದುಕೊಂಡಿದ್ದೇನೆ, ಏಳು ಎಂದು ವಿಲ್ಫ್ರೆಡ್ ಹೇಳುತ್ತಾನೆ. ಗಾಡಿ ಅವನದು. ಒಂದೇ ಗ್ಯಾರೇಜಿನ ಆಫೀಸಿನಲ್ಲಿ ನಾವಿಬ್ಬರೂ ಹತ್ತೊಂಬತ್ತು ವರ್ಷಗಳಿಂದ ಎದುರುಬದುರು ಕುಳಿತವರು. ಒಂದು ಕಾಲದಲ್ಲಿ ಅಲ್ಲಿ ಮೂರನೆಯ ಮೇಜೂ ಇತ್ತು. ಅದು ದಾಮೋದರನದು.

ದಾರ್ಸೈಟ್‌ನಲ್ಲಿ ದಾಮೋದರನ ಮಗಳು ಸ್ವಾತಿಯನ್ನು ಹತ್ತಿಸಿಕೊಂಡೆವು. ಅಪ್ಪ ಹೋದಾಗ ಅವಳಿಗೆ ಹನ್ನೆರಡು. ತಾಯಿ ಸುಮತಿಯ ಜೊತೆ ಉಡುಪಿಗೆ ಮರಳಿದವಳು, ಈಗ ಇಪ್ಪತ್ತಮೂರಾಗಿ, ರೂವಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಮಸ್ಕತ್‌ಗೆ ವಾಪಸ್ಸು ಬಂದಿದ್ದಾಳೆ. ಬಂದ ಎರಡನೇ ತಿಂಗಳಿಗೆ ಫೋನ್ ಮಾಡಿ, "ಅಂಕಲ್, ಪಪ್ಪ ಹೋದ ಜಾಗ ನೋಡ್ಬೇಕು. ನೀವಿಬ್ರೂ ಬರ್ಬೇಕು" ಎಂದಳು. ಆಗುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ.

ಶಿನಾಸ್ ಬಂದರಿಗೆ ಸುಮಾರು ಇನ್ನೂರೈವತ್ತು ಕಿಲೋಮೀಟರ್. ಎಡಕ್ಕೆ ಬೂದು ಬೆಟ್ಟ, ಬಲಕ್ಕೆ ಒಮ್ಮೊಮ್ಮೆ ಮಾತ್ರ ಕಾಣುವ ಸಮುದ್ರ. ಒಂದು ಪೆಟ್ರೋಲ್ ಪಂಪಿನಲ್ಲಿ ಚಹಾ ಕುಡಿದೆವು, ನೂರೈವತ್ತು ಬೈಸ. ಅಲ್ಲಿ ಸ್ವಾತಿ ಪಾಸ್‌ಪೋರ್ಟಿನ ಕವರಿನಿಂದ ಮಡಚಿದ ಒಂದು ಹಾಳೆ ತೆಗೆದಳು.

ನೋಡಿದ ಕೂಡಲೇ ಗುರುತು ಸಿಕ್ಕಿತು. ಯಾವುದೋ ವಿಮಾನದ ಪತ್ರಿಕೆಯಿಂದ ದಾಮೋದರ ಹರಿದು ತಂದ ಪುಟ. ಮೆಡಿಟರೇನಿಯನ್ ಕಡಲ ತೀರದಲ್ಲಿ ಚಳಿಗಾಲ ಕಳೆಯುವವರು ಮಾಡಬೇಕಾದ ಐದು ಸಂಗತಿಗಳು. ಖಾಲಿ ದಂಡೆಯಲ್ಲಿ ನಡೆಯುವುದು, ಬಂದರಿನಲ್ಲಿ ಹುರಿದ ಮೀನು ತಿನ್ನುವುದು, ಹಳೆಯ ಕೋಟೆ ಹತ್ತುವುದು, ದೋಣಿಯಲ್ಲಿ ಹೋಗುವುದು, ಧೈರ್ಯವಿದ್ದರೆ ಬೆಳಿಗ್ಗೆ ನೀರಿಗಿಳಿಯುವುದು. ಆ ತೀರ ನೋಡಬೇಕೆಂದು ದಾಮೋದರ ಎರಡು ಸಲ ವೀಸಾಕ್ಕೆ ಹಾಕಿದ್ದ, ಎರಡು ಸಲವೂ ಸಿಕ್ಕಿರಲಿಲ್ಲ. "ಅಲ್ಲಿ ಇರುವುದು ಕಲ್ಲು, ನೀರು, ಚಳಿ. ನಮ್ಮ ಒಮಾನಿನ ಖಸಬ್‌ನಲ್ಲೂ ಅದೇ ಇರುವುದು. ಇಲ್ಲಿಗೆ ವೀಸಾ ಕೇಳುವವರಿಲ್ಲ" ಎಂದು ಹನ್ನೊಂದು ವರ್ಷದ ಹಿಂದೆ ಒಂದು ರಜೆಯಲ್ಲಿ ನಮ್ಮಿಬ್ಬರನ್ನು ಎಳೆದುಕೊಂಡು ಹೊರಟಿದ್ದ.

ಹಾಳೆಯಲ್ಲಿ ಮೊದಲ ನಾಲ್ಕರ ಮುಂದೆ ನೀಲಿ ಪೆನ್ನಿನ ಗುರುತಿತ್ತು. ಐದನೆಯದರ ಮುಂದೆ ಇರಲಿಲ್ಲ.

"ನಾವೂ ಅದೇ ಆರ್ಡರಿನಲ್ಲಿ ಮಾಡುವ" ಎಂದಳು ಸ್ವಾತಿ.

"ಐದನೆಯದು ಬೇಡ ಮಗಾ. ಈ ಪ್ರಾಯದಲ್ಲಿ ನನ್ನನ್ನು ನೀರಿಗೆ ಹಾಕಿದರೆ ಮೀನುಗಳೇ ಕಂಪ್ಲೇಂಟ್ ಕೊಡ್ತಾವೆ" ಎಂದ ವಿಲ್ಫ್ರೆಡ್. ಯಾರೂ ನಗಲಿಲ್ಲ. ತಾನಾದರೂ ನಗಬೇಕಲ್ಲ ಎಂಬಂತೆ ಅವನು ಸ್ವಲ್ಪ ನಕ್ಕ.

ಗಾಡಿಯನ್ನು ಶಿನಾಸ್‌ನಲ್ಲೇ ಬಿಟ್ಟು ಮಧ್ಯಾಹ್ನದ ಫೆರಿ ಹಿಡಿದೆವು. ಮೂರು ಗಂಟೆಗಿಂತ ಹೆಚ್ಚೇ ಹಿಡಿಯಿತು. ಉತ್ತರದಿಂದ ಶಮಾಲ್ ಗಾಳಿ ಬೀಸುತ್ತಿತ್ತು, ಮುಂದಿನ ಸಾಲಿನ ಹೆಂಗಸೊಬ್ಬರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು. ಖಸಬ್ ಇರುವ ಮುಸಂದಮ್‌ನ ಬೆಟ್ಟಗಳು ನೀರಿನಿಂದ ನೇರ ಎದ್ದವು. ಅವುಗಳ ಮೇಲೆ ಒಂದು ಮರವಿಲ್ಲ, ಹುಲ್ಲಿಲ್ಲ. ಸುಂದರ ಎಂದು ಬರೆಯುವುದು ಸುಲಭ. ಸುಟ್ಟು ಆರಿಸಿಟ್ಟ ಹಾಗಿತ್ತು ಎನ್ನುವುದು ಹೆಚ್ಚು ನಿಜ.

ಖಸಬ್ ತಲುಪಿದಾಗ ಸಂಜೆಯಾಗಿತ್ತು. ಹೋಟೆಲಿನಲ್ಲಿ ಸಾಮಾನಿಟ್ಟು ದಂಡೆಗೆ ನಡೆದೆವು. ದಂಡೆ ನಿಜಕ್ಕೂ ಖಾಲಿ. ಒಂದು ಆಡು ಪ್ಲಾಸ್ಟಿಕ್ ಚೀಲ ಜಗಿಯುತ್ತಿತ್ತು. "ಇಲ್ಲಿಯಾ?" ಎಂದು ಸ್ವಾತಿ ಕೇಳಿದಳು. ವಿಲ್ಫ್ರೆಡ್ ಎಡಗಡೆಯ ಬಂಡೆ ತೋರಿಸಿದ, ನಾನು ಬಲಗಡೆಯದು ತೋರಿಸಿದೆ. ಇಬ್ಬರೂ ಒಟ್ಟಿಗೇ ಕೈ ಇಳಿಸಿದೆವು. ಅವಳು ಎರಡೂ ಕಡೆಯ ಫೋಟೋ ತೆಗೆದಳು.

ಬಂದರಿನ ಪಕ್ಕ ಒಬ್ಬ ಮಲಯಾಳಿಯ ಹೋಟೆಲಿನಲ್ಲಿ ಅಂಜಲ್ ಫ್ರೈ, ಪರೋಟ ತಿಂದೆವು. ಮೀನು ತಾಜಾ ಇತ್ತು, ಮಸಾಲೆ ಡಬ್ಬಿಯದು. ಸ್ವಾತಿ ಕೇಳದಿದ್ದರೂ ವಿಲ್ಫ್ರೆಡ್ ಆ ದಿನದ ಕಥೆ ತೆಗೆದ.

ನಾವು ಸುಮತಿಗೆ ಹನ್ನೊಂದು ವರ್ಷಗಳಿಂದ ಹೇಳುತ್ತ ಬಂದ ಕಥೆ ಅದು. ಬೆಳಿಗ್ಗೆ ಮೂವರೂ ದಂಡೆಗೆ ಹೋದೆವು. ದಾಮೋದರ ನೀರಿಗಿಳಿದ. ಸೆಳೆತ ಹಿಡಿಯಿತು. ಸಂಜೀವ, ಅಂದರೆ ನಾನು, ಎದೆಮಟ್ಟ ನೀರಿಗೆ ಹೋಗಿ ಅವನ ಕೈ ಹಿಡಿದೆ. ಕೈ ಜಾರಿತು. ಜಾರುವ ಮುಂಚೆ ಅವನು ಹೇಳಿದ್ದು, "ಸ್ವಾತಿಯನ್ನು ಡಾಕ್ಟರ್ ಮಾಡಿ."

"ಕೈ ಹೇಗಿತ್ತು ಅಂಕಲ್?" ಎಂದು ಸ್ವಾತಿ ನನ್ನನ್ನು ಕೇಳಿದಳು.

"ತಣ್ಣಗಿತ್ತು" ಎಂದೆ. ಹೇಳುವಾಗ ನನ್ನ ಅಂಗೈಯಲ್ಲಿ ಆ ತಣ್ಣನೆಯದು ಇತ್ತು, ಅವನ ಉಂಗುರ ಒತ್ತಿದ್ದು ಸಹ. ಇದನ್ನು ಓದುಗರು ನೆನಪಿಡಬೇಕು.

ಶುಕ್ರವಾರ ಬೆಳಿಗ್ಗೆ ಕೋಟೆ. ಟಿಕೆಟ್ ಐನೂರು ಬೈಸ, ಒಳಗೆ ಹಳೆಯ ದೋಣಿಗಳು, ಅಡುಗೆಯ ಪಾತ್ರೆಗಳು, ಆಳೆತ್ತರಕ್ಕೆ ನಿಂತ ಬೊಂಬೆಗಳು. ಬುರುಜು ಹತ್ತಿದರೆ ಖರ್ಜೂರದ ತೋಟ, ಅದರಾಚೆ ಬಂದರು. ವಿಲ್ಫ್ರೆಡ್ ಮೊಣಕಾಲು ನೋವೆಂದು ಕೆಳಗೇ ಕುಳಿತ.

ಹತ್ತು ಗಂಟೆಗೆ ದೋಣಿ, ಅರ್ಧ ದಿನಕ್ಕೆ ತಲೆಗೆ ಹದಿನೈದು ರಿಯಾಲ್. ಮರದ ದೋಣಿ, ನೆಲಕ್ಕೆ ರತ್ನಗಂಬಳಿ, ಒರಗಲು ದಿಂಬು. ಪ್ರವಾಸಿಗಳು ನಾವು ಮೂವರೇ. ಗಾಳಿ ಜಾಸ್ತಿಯಿದೆ, ದೂರ ಹೋಗಲಾಗದು ಎಂದು ದೋಣಿಯ ಯಜಮಾನ ಮೊದಲೇ ಹೇಳಿದ್ದ. ಎರಡು ಬೆಟ್ಟಗಳ ನಡುವೆ ಗಾಳಿ ಕಡಿಮೆ ತಾಗುವ ಕಡೆ ಲಂಗರು ಹಾಕಿ ಚಹಾ ಕೊಟ್ಟ. ಡಾಲ್ಫಿನ್ ಕಾಣಲಿಲ್ಲ. ಕಂಡಿತು ಎಂದು ವಿಲ್ಫ್ರೆಡ್ ಊರಿಗೆ ಆಗಲೇ ಮೆಸೇಜ್ ಕಳಿಸಿದ್ದ.

ಅಲ್ಲಿ ಸ್ವಾತಿ ಎರಡನೆಯ ಕಾಗದ ತೆಗೆದಳು. ಅರಬಿಯಲ್ಲಿ ಟೈಪ್ ಮಾಡಿದ ಹಾಳೆ, ಕೆಳಗೆ ನನ್ನ ಸಹಿ, ವಿಲ್ಫ್ರೆಡ್‌ನ ಸಹಿ. ಅಂದು ಕಂಪನಿಯ ಸರ್ಕಾರಿ ಕೆಲಸ ನೋಡುವ ಮಂದೂಬ್ ಬಂದು, "ಇಲ್ಲಿ ಸೈನ್ ಮಾಡಿ, ಖಲಾಸ್, ಬಾಡಿ ನಾಳೆ ಸಿಗ್ತದೆ" ಎಂದು ಹಿಂದಿಯಲ್ಲಿ ಹೇಳಿ ಮಾಡಿಸಿಕೊಂಡ ಸಹಿ. ನಮಗಿಬ್ಬರಿಗೂ ಅರಬಿ ಓದಲು ಬಾರದು. ನಾವು ಸುಮತಿಗೆ ಹೇಳಿದ್ದೇ ಅದರಲ್ಲೂ ಇದೆ ಎಂದು ಹನ್ನೊಂದು ವರ್ಷ ನಂಬಿದ್ದೆವು.

"ಅಮ್ಮನ ಫೈಲಲ್ಲಿ ಇತ್ತು" ಎಂದಳು ಸ್ವಾತಿ. "ನಾನು ದಾರ್ಸೈಟ್ ಸ್ಕೂಲಲ್ಲಿ ಆರನೇ ಕ್ಲಾಸಿನವರೆಗೆ ಅರಬಿಕ್ ಕಲಿತವಳು. ಅಕ್ಷರ ಬರ್ತದೆ. ಅರ್ಥ ಲ್ಯಾಬಿನವರ ಹತ್ರ ಕೇಳಿದೆ." ಬೆರಳಿಟ್ಟು ಕನ್ನಡದಲ್ಲಿ ಹೇಳಿದಳು. ಬಲೆಯವರು ಬೆಳಿಗ್ಗೆ ದಂಡೆಯಲ್ಲಿ ದೇಹ ಕಂಡರು. ಹೋಟೆಲಿನ ಕೋಣೆಯಲ್ಲಿ ಮಲಗಿದ್ದ ಇಬ್ಬರು ಸ್ನೇಹಿತರನ್ನು ಎಬ್ಬಿಸಿ ಕರೆತರಲಾಯಿತು. ಅವರು ಗುರುತಿಸಿದರು.

ದೋಣಿಯ ಯಜಮಾನ ಬಾಳೆಹಣ್ಣು ತಂದಿಟ್ಟು ಹೋದ.

"ಮಂದೂಬ್ ಏನೋ ಬರೆದಿರ್ತಾನೆ ಮಗಾ, ಅವನಿಗೆ ಬೇಗ ಮುಗಿದ್ರೆ ಸಾಕಿತ್ತು" ಎಂದ ವಿಲ್ಫ್ರೆಡ್.

"ವಿಲ್ಲಿ ಅಂಕಲ್, ನಾನು ಮೆಡಿಕಲ್ ಎಂಟ್ರೆನ್ಸ್ ಮೂರು ಸಲ ಬರೆದೆ. ನಂಗೆ ಫಿಸಿಕ್ಸ್ ತಲೆಗೇ ಹೋಗುವುದಿಲ್ಲ. ಮೂರನೇ ಸಲ ಫೇಲಾದಾಗ ಅಮ್ಮ ಪಪ್ಪನ ಫೋಟೋ ಎದುರು ನಿಂತು ಕ್ಷಮೆ ಕೇಳಿದ್ರು. ಆ ಮಾತು ಯಾರದು, ಅಷ್ಟು ಹೇಳಿ ಸಾಕು."

ವಿಲ್ಫ್ರೆಡ್ ನನ್ನನ್ನು ನೋಡಿದ.

"ನನ್ನದು" ಎಂದೆ. ಆ ಸಂಜೆ ಫೋನಿನಲ್ಲಿ ಸುಮತಿ ಬೇರೇನೂ ಕೇಳಿರಲಿಲ್ಲ. "ಏನಾದ್ರೂ ಹೇಳಿದ್ರಾ ಸಂಜೀವಣ್ಣ?" ಎಂದಷ್ಟೇ ಕೇಳಿದ್ದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಡಾಕ್ಟರ್ ಎಂದೇ ಯಾಕೆ ಹೇಳಿದೆನೋ ತಿಳಿಯದು. ಹಿಂದಿನ ದಿನ ಗಾಡಿಯಲ್ಲಿ ದಾಮೋದರ ಅಂಥದ್ದೇನೋ ಅಂದಿದ್ದ ಎಂದು ಇಲ್ಲಿ ಸೇರಿಸಬಹುದು, ಸೇರಿಸಿದರೆ ನನಗೂ ಹಗುರ. ಅಂದಿರಲಿಲ್ಲ. ಎದೆಮಟ್ಟ ನೀರು ವಿಲ್ಫ್ರೆಡ್ ಸೇರಿಸಿದ್ದು. ಉಂಗುರ ಯಾರು ಸೇರಿಸಿದರೋ. ದಾಮೋದರ ಉಂಗುರ ಹಾಕುತ್ತಿದ್ದನೇ ಎಂದು ಸ್ವಾತಿಯನ್ನು ಕೇಳಿದೆ. ಇಲ್ಲ ಎಂದಳು. ಆದರೂ ಅಂಗೈಯಲ್ಲಿ ಅದು ಒತ್ತುತ್ತದೆ, ಈ ಸಾಲು ಬರೆಯುವಾಗಲೂ.

"ಹಾಗಾದ್ರೆ ನಿಜವಾಗಿ ಕೊನೆಗೆ ಹೇಳಿದ್ದೇನು?"

ಇದೊಂದು ನನಗೆ ಗೊತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ದಾಮೋದರ ಟವೆಲ್ ಹೆಗಲಿಗೆ ಹಾಕಿ ನನ್ನ ಮಂಚ ಅಲ್ಲಾಡಿಸಿದ್ದ. "ಬರ್ತೀಯಾ?" ಎಂದ. "ಬಾಗಿಲು ಹಾಕಿಕೊಂಡು ಹೋಗು ಮಾರಾಯ, ಚಳಿ" ಎಂದೆ. ಅವನು ಬಾಗಿಲು ಹಾಕಿಕೊಂಡು ಹೋದ. ಈ ಎರಡು ಮಾತನ್ನು ಯಾರೂ ನನ್ನಲ್ಲಿ ಕೇಳಿರಲಿಲ್ಲ, ಹಾಗಾಗಿ ಅದಕ್ಕೆ ಯಾವ ಅಲಂಕಾರವೂ ಹತ್ತಿರಲಿಲ್ಲ.

ಸ್ವಾತಿ ಬೆಟ್ಟದ ಕಡೆ ತಿರುಗಿದಳು. ಅತ್ತಳೋ ಇಲ್ಲವೋ, ಗಾಳಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು. "ಬರ್ತೀಯಾ" ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು, ರುಚಿ ನೋಡುವವಳ ಹಾಗೆ. ಆಮೇಲೆ ಬಾಳೆಹಣ್ಣು ಸುಲಿದಳು.

ಶನಿವಾರ ಬೆಳಿಗ್ಗೆ ನಮ್ಮಿಬ್ಬರ ಕೋಣೆಯ ಬಾಗಿಲು ಬಡಿದ ಸದ್ದಾಯಿತು. "ಅಂಕಲ್, ಬರ್ತೀರಾ?" ಎಂದು ಅವಳು ಕೇಳಿದಳು ಎಂದು ಬರೆದರೆ ನಂಬಬೇಡಿ. "ಎದ್ದಿದ್ದೀರಾ?" ಎಂದಿರಬಹುದು. ನಾನು ಹೊರಟೆ. ವಿಲ್ಫ್ರೆಡ್ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ.

ನೀರು ಮೊಣಕಾಲಿಗೆ ಚಾಕುವಿನ ಹಾಗೆ ಚುಚ್ಚಿತು. ಇಬ್ಬರೂ ಪ್ಯಾಂಟು ಮಡಚಿ ನಿಂತೆವು, ಮುಂದೆ ಹೋಗಲಿಲ್ಲ. ದೂರದಲ್ಲಿ ಬಲೆ ಎಳೆಯುವವರಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ, ಸ್ವಾತಿ "ಸಾಕು" ಎಂದಳು. ದಂಡೆಗೆ ಬಂದು ಹಾಳೆ ತೆಗೆದಾಗ ನಾನು ಪೆನ್ನು ಕೊಡಹೋದೆ. "ಬೇಡ. ಇದು ಪಪ್ಪನ ಲಿಸ್ಟ್" ಎಂದು ಮಡಚಿ ಒಳಗಿಟ್ಟಳು.

ವಾಪಸ್ಸಿನ ಫೆರಿ ಒಂದು ಗಂಟೆ ತಡವಾಗಿ ಬಿಟ್ಟಿತು. ವಿಲ್ಫ್ರೆಡ್ ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳಿತ. ಒಮ್ಮೆ ಎದ್ದು ಬಂದು, "ಸುಮತಿ ಅಕ್ಕನಿಗೆ ಇದೆಲ್ಲ ಯಾಕೆ? ಅವರಿಗೆ ಅದೊಂದು ಮಾತಾದ್ರೂ ಇರಲಿ" ಎಂದ.

"ಆ ಮಾತು ಇರುವಷ್ಟು ದಿನ ನಾನು ಫೇಲೇ ಅಂಕಲ್" ಎಂದಳು ಸ್ವಾತಿ. ವಿಲ್ಫ್ರೆಡ್ ತನ್ನ ಜಾಗಕ್ಕೆ ಹೋದ.

ಕಿಟಕಿಯಲ್ಲಿ ಬೆಟ್ಟಗಳು ಸಣ್ಣವಾಗುತ್ತ ಬಂದವು. ಯಾವ ಬಂಡೆ ಎಡ, ಯಾವುದು ಬಲ ಎಂದು ಕೊನೆಯ ಸಲ ಹುಡುಕಿದೆ. ಇಲ್ಲಿಂದ ಎಲ್ಲವೂ ಒಂದೇ ಗೋಡೆ.

ಶಿನಾಸ್ ಹತ್ತಿರವಾದಾಗ ಫೋನಿಗೆ ಸಿಗ್ನಲ್ ಬಂತು. ಸ್ವಾತಿ ನಂಬರ್ ಒತ್ತಿ, ಕಿವಿಗೂ ಇಟ್ಟುಕೊಳ್ಳದೆ ಫೋನನ್ನು ನನ್ನ ಕೈಗಿಟ್ಟಳು.

"ಹಲೋ, ಸ್ವಾತೀ?"

"ನಾನು ಸಂಜೀವ, ಸುಮತಿ."

"ಓ, ಸಂಜೀವಣ್ಣ. ಎಲ್ಲ ನೋಡಿ ಆಯ್ತಾ?"

"ನೋಡಿ ಆಯ್ತು" ಎಂದೆ. "ಹೇಳಲಿಕ್ಕೆ ಒಂದು ಉಂಟು. ಕೂತ್ಕೊಂಡಿದ್ದೀಯಾ?"