ಆಗ ಅಜ್ಜ ಎಲ್ಲಿದ್ದರು?

ಟೀಚರ ಪಾದಗಳು ದೊಡ್ಡವು. ಹೆಂಗಸರ ಚಪ್ಪಲಿ ಆ ಪಾದಕ್ಕೆ ಆಗುತ್ತಿರಲಿಲ್ಲ. ಗಂಡಸರ ಅಳತೆಯ, ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಹಾಕುತ್ತಿದ್ದರು. ಬೆರಳುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ನಿಂತಿರುತ್ತಿದ್ದವು. ಬೇಸಿಗೆಯಲ್ಲಿ ಹಿಮ್ಮಡಿ ತುಂಬ ಕೆಂಪು ಧೂಳು, ಮಳೆಗಾಲದಲ್ಲಿ ಸೀರೆಯ ಅಂಚಿನವರೆಗೆ ಕೆಂಪು ಕೆಸರು. ಬಜಗೋಳಿಯ ಆಚೆ ನಮ್ಮ ಗುಡ್ಡೆಯಲ್ಲಿ ಆ ಪಾದಗಳು ಹತ್ತಿ ಇಳಿಯದ ಮೆಟ್ಟಿಲು ಇಲ್ಲ. ಯಾರ ಮಗುವಿಗೆ ತೂಕ ಕಡಿಮೆ, ಯಾರ ಸೊಸೆಗೆ ಎಷ್ಟು ತಿಂಗಳು, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದ್ದು ಬರೀ ಬೊಗಳುತ್ತದೆ, ಎಲ್ಲ ಅವರಿಗೆ ಗೊತ್ತು. ನಮ್ಮ ಅಂಗನವಾಡಿಯ ಟೀಚರ್ ಅವರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಇಡೀ ಆಯುಷ್ಯ ಕಾರ್ಕಳದ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸಿದ್ದೇನೆ. ನಾವು ಮಾತಾಡುವುದು ತುಳು, ಬರೆಯಬೇಕಾದರೆ ಕನ್ನಡ. ಅದನ್ನೂ ಬರೆಯದೆ ಎಷ್ಟೋ ವರ್ಷ ಆಗಿತ್ತು. ಆದರೆ ಕಳೆದ ಆದಿತ್ಯವಾರದಿಂದ ಸಂತೋಷ ನನ್ನ ಎದೆಯಲ್ಲಿ ಹಿಡಿಸುತ್ತಿಲ್ಲ. ಹೆಂಡತಿಗೆ ಎರಡು ಸಲ ಹೇಳಿದೆ, ಹಾಲಿನ ಡೈರಿಯಲ್ಲಿ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ಇನ್ನೂ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಇದ್ದರೆ ಸರಿ ಮಾಡಿಕೊಂಡು ಓದಬೇಕು.

ನಮ್ಮ ಮನೆಯ ಸಂಗತಿ ಮೊದಲು ಹೇಳಬೇಕು. ಹೆಂಡತಿ ಬೆಳಿಗ್ಗೆ ಏಳಕ್ಕೆ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಮಗಳಿಗೆ ಮಣಿಪಾಲದ ಒಂದು ಹಾಸ್ಟೆಲಿನ ಅಡಿಗೆಮನೆಯಲ್ಲಿ ಕೆಲಸ. ಪರ್ಕಳದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದಾಳೆ, ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಾಳೆ. ಅಳಿಯ ಮುಂಬೈಗೆ ಹೋದವ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮೊಮ್ಮಗನಿಗೆ ಆಗ ಒಂದು ವರ್ಷ. ಅದರ ಬಗ್ಗೆ ಇಷ್ಟು ಸಾಕು. ಮಿಲ್ಲಿನ ಹೊಗೆಗೆ ನನ್ನ ಎದೆ ಹಾಳಾಗಿ ಮನೆಯಲ್ಲಿ ಕೂತದ್ದೂ ಅದೇ ವರ್ಷ. ಹಾಗಾಗಿ ಹುಡುಗನನ್ನು ಮೀಯಿಸುವುದು, ಉಣ್ಣಿಸುವುದು, ಚಟ್ನಿ ಕಡೆಯುವುದು ಎಲ್ಲ ನನ್ನ ಪಾಲಿಗೆ ಬಂತು. ಭತ್ತ ಬೇಯಿಸಿದ ಕೈ, ಗಂಜಿ ಬೇಯಿಸಲಿಕ್ಕೆ ಎಂತ ಕಷ್ಟ ಎಂದುಕೊಂಡಿದ್ದೆ. ಕಷ್ಟ ಗಂಜಿಯದ್ದಲ್ಲ, ತಿನ್ನಿಸುವುದರದ್ದು.

ಅದಕ್ಕೆ ಮಗಳು ತನ್ನ ಹಳೆಯ ಫೋನು ಕೊಟ್ಟು ಹೋದಳು. ಅದರಲ್ಲಿ ಒಂದು ಕಾರ್ಟೂನು ಬರುತ್ತದೆ. ಒಬ್ಬ ಸಣ್ಣ ಹುಡುಗ, ಅವನ ಅಪ್ಪ, ಅಮ್ಮ, ಒಂದು ತಂಗಿ. ಹೊಡೆದಾಟ ಇಲ್ಲ, ರಾಕ್ಷಸರು ಇಲ್ಲ. ಒಂದು ದಿನ ಅವರು ಛತ್ರಿ ತರಲಿಕ್ಕೆ ಅಂಗಡಿಗೆ ಹೋಗುತ್ತಾರೆ, ಅಷ್ಟೇ ಕಥೆ. ಇನ್ನೊಂದು ದಿನ ಹುಡುಗನ ಹಲ್ಲು ಅಲ್ಲಾಡುತ್ತದೆ. ನನಗೂ ರುಚಿ ಹತ್ತಿತು. ಒಂದೇ ಒಂದು ಕೊರತೆ, ಆ ಮನೆಯಲ್ಲಿ ಅಜ್ಜ ಇಲ್ಲ. ಮಾಡಿದವರಿಗೆ ಅಜ್ಜನೇ ಇರಲಿಲ್ಲವೋ ಏನೋ.

ಟೀಚರು ಮನೆಗೆ ಬಂದರೆ ಕುರ್ಚಿ ಮುಟ್ಟುತ್ತಿರಲಿಲ್ಲ. ಜಗಲಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೊಡಪಾನದ ನೀರು ತಾವೇ ಬಗ್ಗಿಸಿ ಕುಡಿದು, ರಿಜಿಸ್ಟರ್ ತೆರೆಯುವರು. ಪೆನ್ನಿಗೆ ದಾರ ಕಟ್ಟಿ ರಿಜಿಸ್ಟರಿಗೇ ಬಿಗಿದಿದ್ದರು, ಮಕ್ಕಳು ಕೊಂಡುಹೋಗುತ್ತಾರೆ ಎಂದು. ಏನು ಕೇಳಿದರೂ ‘ನೋಡುವ ಆಯ್ತಾ’ ಎನ್ನುವರು. ಮಗುವಿಗೆ ಜ್ವರ ಎಂದರೂ ನೋಡುವ, ರಸ್ತೆಗೆ ಡಾಮರು ಯಾವಾಗ ಎಂದರೂ ನೋಡುವ. ಪದ್ಯ ಹೇಳಿಕೊಟ್ಟರೆ ರಾಗ ಒಂದು ಕಡೆ, ಅವರು ಒಂದು ಕಡೆ. ಮಕ್ಕಳೇ ಸರಿಯಾಗಿ ಹಾಡಿ ಅವರನ್ನು ದಾರಿಗೆ ತರುತ್ತಿದ್ದರು.

ಮೊಮ್ಮಗ ಅಂಗನವಾಡಿಗೆ ಸೇರಿ ಮೂರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಟೀಚರು ಮನೆಗೆ ಬಂದರು.

“ಅಳಿಯ ಊರಿಗೆ ಬಂದದ್ದು ಒಂದು ಮಾತು ಹೇಳಲಿಲ್ಲ ಅಲ್ವಾ ಅಜ್ಜ? ನಾನು ಅವರನ್ನೂ ಸೇರಿಸಿ ಮನೆಯಲ್ಲಿ ಐದು ಜನ ಅಂತ ಬರೆದಿದ್ದೇನೆ.”

“ಯಾವ ಅಳಿಯ ಟೀಚರೇ?”

“ಎಂತ ಮಾರಾಯ್ರೆ, ದಿನಾ ಹೇಳ್ತಾನೆ ಇವ. ಅಪ್ಪ ಹಳದಿ ಛತ್ರಿ ತಂದ್ರು, ಅಪ್ಪ ದೋಸೆ ಸುಟ್ಟು ಕರಿ ಮಾಡಿದ್ರು, ಅಪ್ಪ ಗೋಡೆಗೆ ನೀಲಿ ಬಣ್ಣ ಕೊಟ್ರು...”

ಹಾಗೆ ಹೇಳುತ್ತ ಅವರು ನಮ್ಮ ಗೋಡೆ ನೋಡಿದರು. ಅದು ಬರೀ ಕೆಂಪು ಮುರಕಲ್ಲು, ಇನ್ನೂ ಗಾರೆಯೇ ಆಗಿಲ್ಲ. ನನಗೆ ಎಲ್ಲ ಅರ್ಥವಾಯಿತು. ಛತ್ರಿ, ದೋಸೆ, ನೀಲಿ ಗೋಡೆ, ಎಲ್ಲ ಆ ಕಾರ್ಟೂನಿನದ್ದು. ಅದರ ಅಪ್ಪನನ್ನು ಇವ ತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದ!

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬೆತ್ತಕ್ಕೆ ಕೈ ಹಾಕಿದೆ. ಹುಡುಗ ಹಂಡೆಯ ಹಿಂದೆ ಅಡಗಿದ.

“ಬೆತ್ತ ಇಡಿ ಅಜ್ಜ,” ಎಂದರು ಟೀಚರು. “ಸುಳ್ಳು ಹೇಳುವವ ಏನಾದ್ರೂ ದಕ್ಕಿಸಿಕೊಳ್ಳಲಿಕ್ಕೆ ಹೇಳ್ತಾನೆ. ಇವನಿಗೆ ಎಂತ ದಕ್ಕಿತು? ಒಂದು ಛತ್ರಿ. ಅದೂ ಇಲ್ಲ. ವಿಚಾರಿಸದೆ ಬರೆದದ್ದು ನಾನು, ತಪ್ಪು ನನ್ನದು.”

“ಇವನ ಅಮ್ಮನಿಗೆ ಗೊತ್ತಾದ್ರೆ ಟೀಚರೇ...” ಎಂದೆ. ವಾರಪೂರ್ತಿ ಆ ಹಾಸ್ಟೆಲಿನ ಪಾತ್ರೆಗಳ ನಡುವೆ ಬೆವರು ಸುರಿಸಿ ಬರುವ ಹುಡುಗಿ ಅವಳು. ಮಗನಿಗೆ ಅಪ್ಪನ ಆಸೆ ಇಷ್ಟು ಎಂದು ಗೊತ್ತಾದರೆ ಹೇಗೆ ತಡೆದುಕೊಂಡಾಳು?

“ಹೇಳುವುದು ಬೇಡ. ನೋಡುವ ಆಯ್ತಾ,” ಎಂದರು.

ಮರುದಿನ ಹುಡುಗನನ್ನು ಬಿಟ್ಟ ಮೇಲೆ ನಾನು ಮನೆಗೆ ವಾಪಸು ಬರಲಿಲ್ಲ. ಅಂಗನವಾಡಿಯ ಕಿಟಕಿಯ ಹೊರಗೆ ಕೂತೆ. ಬೆಳಿಗ್ಗೆ ಒಂದೊಂದೇ ಮಗು ಎದ್ದು ಮನೆಯ ಸುದ್ದಿ ಹೇಳುವುದು ಅಲ್ಲಿಯ ಪದ್ಧತಿ. ನಮ್ಮವನ ಸರದಿ ಬಂತು.

“ನಿನ್ನೆ ನಮ್ಮಲ್ಲಿ ಕರೆಂಟ್ ಹೋಯ್ತು. ಅಪ್ಪ ಕ್ಯಾಂಡಲ್ ಹೊತ್ತಿಸಿದ್ರು. ಗೋಡೆಯಲ್ಲಿ ಮೊಲದ ನೆರಳು ಮಾಡಿದ್ರು.”

ಟೀಚರು ಗದರಿಸಲಿಲ್ಲ, ನಗಲೂ ಇಲ್ಲ. “ಹೌದಾ? ಆಗ ಅಜ್ಜ ಎಲ್ಲಿದ್ರು?” ಎಂದು ಕೇಳಿದರು.

ಹುಡುಗ ಅಂಗಿಯ ಗುಂಡಿ ತಿರುಪಿದ. ಕಾರ್ಟೂನಿನಲ್ಲಿ ಅದಕ್ಕೆ ಉತ್ತರವೇ ಇಲ್ಲವಲ್ಲ! “ಅಜ್ಜ... ಮಲಗಿದ್ರು,” ಎಂದ.

ಅಂದಿನಿಂದ ದಿನಾ ಅದೇ ಪ್ರಶ್ನೆ. ಹುಡುಗನಿಗೆ ನನ್ನನ್ನು ಎಲ್ಲಿಡುವುದೆಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅಂಗಡಿಗೆ ಕಳಿಸಿದ, ಒಂದು ದಿನ ಹಲಸಿನ ಮರ ಹತ್ತಿಸಿದ. ನನ್ನ ಉಬ್ಬಸಕ್ಕೆ ಮರ ಬೇರೆ! ಇನ್ನೊಂದು ದಿನ ಬಚ್ಚಲಿಗೆ ಹಾಕಿದ.

“ಟೀಚರೇ, ನನ್ನನ್ನು ಬಚ್ಚಲಿನಲ್ಲಿ ಕೂರಿಸಿದ ನೋಡಿ,” ಎಂದೆ.

“ತಾಳಿ ಅಜ್ಜ. ಬಚ್ಚಲಿನಿಂದ ಅಡಿಗೆಮನೆಗೆ ಎಷ್ಟು ದೂರ?”

ದೂರ ಇರಲಿಲ್ಲ. ಹದಿನೈದು ದಿನದಲ್ಲಿ ನಾನು ಅಡಿಗೆಮನೆಗೆ ಬಂದೆ. “ಅಪ್ಪ ದೋಸೆ ಹೊಯ್ದರು, ಅಜ್ಜ ಚಟ್ನಿ ಕಡೆದ್ರು,” ಎಂದ. “ಚಟ್ನಿಗೆ ಎಂತ ಹಾಕಿದ್ರು?” ಎಂದು ಟೀಚರು ಕೇಳಿದರು. ಅದಕ್ಕೆ ಇವ ಕಾಯಿ, ಹುಣಸೆಹುಳಿ, ಸುಟ್ಟ ಮೆಣಸು, ಬೆಳ್ಳುಳ್ಳಿ ಎರಡು ಎಸಳು ಎಂದು ಸರಿಯಾಗಿ ಹೇಳಿದ. ಮೆಣಸು ಸುಡುವಾಗ ಅಜ್ಜ ಸೀನಿದ್ದನ್ನೂ ಸೇರಿಸಿದ. ಕಿಟಕಿಯ ಹೊರಗೆ ನಾನು ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡೆ. ನಗುವೋ ಅಳುವೋ ಇವತ್ತಿಗೂ ಗೊತ್ತಿಲ್ಲ.

ಆದರೆ ಆ ಕಾರ್ಟೂನು ನಮ್ಮ ಮನೆಯಲ್ಲಿ ಮಾತ್ರ ಬರುವುದೇ? ಒಂದು ಹುಡುಗಿಯ ಮನೆಯಲ್ಲೂ ಬರುತ್ತಿತ್ತು. ಒಂದು ಮಧ್ಯಾಹ್ನ ಗಂಜಿಯ ಹೊತ್ತಿಗೆ ಅವಳು ಎಲ್ಲರ ಎದುರು ಎದ್ದು ನಿಂತು, “ಟೀಚರ್, ಇವನ ಅಪ್ಪ ಫೋನಿನೊಳಗೆ ಇರುವುದು!” ಎಂದಳು. ಮಕ್ಕಳೆಲ್ಲ ‘ಫೋನಪ್ಪ, ಫೋನಪ್ಪ’ ಎಂದು ಕುಣಿದರು. ಕರೆದುಕೊಂಡು ಹೋಗಲು ಬಂದಿದ್ದ ಇಬ್ಬರು ಅಮ್ಮಂದಿರು ಸೆರಗು ಬಾಯಿಗೆ ಒತ್ತಿ ನಕ್ಕರು.

ಟೀಚರು ಕೈಯಲ್ಲಿದ್ದ ಗಂಜಿಯ ಸೌಟು ಕೆಳಗಿಟ್ಟರು.

“ನನ್ನ ಗಂಡ ಫೋಟೋದೊಳಗೆ ಇರುವುದು,” ಎಂದರು. “ಇಪ್ಪತ್ತು ವರ್ಷ ಆಯ್ತು. ಬೆಳಿಗ್ಗೆ ಬರುವಾಗ ನಾನು ಅವರಿಗೆ ಹೇಳಿಯೇ ಬರುವುದು, ಚಾ ಆಯ್ತಾ ಅಂತಲೂ ಕೇಳ್ತೇನೆ. ಎಂತ, ನಗಾಡ್ತೀರಾ?”

ಯಾರೂ ನಗಲಿಲ್ಲ. ಆ ಹುಡುಗಿ ಮಾತ್ರ, “ಅವರು ಎಂತ ಹೇಳ್ತಾರೆ ಟೀಚರ್?” ಎಂದು ಕೇಳಿದಳು.

“ಎಂತ ಹೇಳುವುದು? ಸುಮ್ಮನೆ ನೋಡ್ತಾರೆ. ಬದುಕಿದ್ದಾಗಲೂ ಹಾಗೆಯೇ.”

ಆಗ ಎಲ್ಲರೂ ನಕ್ಕರು, ಆ ಅಮ್ಮಂದಿರೂ. ಟೀಚರಿಗೆ ಗಂಡ ಇಲ್ಲವೆಂದು ಊರಿಗೆ ಗೊತ್ತಿತ್ತು. ಆದರೆ ದಿನಾ ಫೋಟೋದೊಡನೆ ಮಾತಾಡಿ ಬರುತ್ತಾರೆಂದು ನಮಗೆ ಯಾರಿಗೆ ಗೊತ್ತಿತ್ತು? ನನ್ನ ಮೊಮ್ಮಗನ ಮಾನ ಉಳಿಸಲು ತನ್ನ ಮನೆಯೊಳಗಿನ ಮಾತನ್ನು ಹೊರಗೆ ಹಾಕಿದರು. ಆಮೇಲೆ ‘ಫೋನಪ್ಪ’ ಎಂದವರಿಲ್ಲ.

ಹುಡುಗ ಮಾತ್ರ ಸುದ್ದಿ ಹೇಳುವುದನ್ನೇ ಬಿಟ್ಟ. ತನ್ನ ಸರದಿ ಬಂದರೆ ತಲೆ ಅಲ್ಲಾಡಿಸಿ ಕೂತುಬಿಡುವನು. ಮನೆಯಲ್ಲಿ ಫೋನು ಕೊಟ್ಟರೆ ಮಗುಚಿ ಇಡುವನು. ಟೀಚರು ಒತ್ತಾಯ ಮಾಡಲಿಲ್ಲ. “ಅವ ಈಗ ಆ ನೀಲಿ ಗೋಡೆಯ ಮನೆ ಖಾಲಿ ಮಾಡ್ತಾ ಇದ್ದಾನೆ ಅಜ್ಜ. ಸಾಮಾನು ಸಾಗಿಸಲಿಕ್ಕೆ ಸ್ವಲ್ಪ ದಿನ ಬೇಕಲ್ವಾ?” ಎಂದರು.

ಆ ನಡುವೆ ತಾಯಂದಿರ ಸಭೆ ಬಂತು. ಮೇಲಿನಿಂದ, ಇಲಾಖೆಯ ಮೇಡಂ ಬರುವವರಿದ್ದರು. ಪ್ರತಿ ಮಗುವೂ ತನ್ನ ಮನೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ನನ್ನ ಮಗಳು ರಜೆ ಹಾಕಿ ಬಂದು ಎದುರಿನ ಚಾಪೆಯಲ್ಲೇ ಕೂತಳು. ಅವಳಿಗೆ ಏನೂ ಗೊತ್ತಿಲ್ಲ. ನನ್ನ ಎದೆ ಮಿಲ್ಲಿನ ಬೆಲ್ಟಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಈ ಹುಡುಗ ಇವಳ ಮುಖದೆದುರು ‘ನಮ್ಮ ಅಪ್ಪ ನಿನ್ನೆ’ ಎಂದರೆ? ಟೀಚರಿಗೆ ಸನ್ನೆ ಮಾಡಿದೆ, ಇವನನ್ನು ಕರೆಯಬೇಡಿ ಎಂದು. ಅವರು ನೋಡಿದರು. ನೋಡಿಯೂ ಕರೆದರು.

ಹುಡುಗ ಎದ್ದ. ಅಮ್ಮನನ್ನು ನೋಡಿದ, ನನ್ನನ್ನು ನೋಡಿದ.

“ನಮ್ಮ ಅಜ್ಜ ಮೊನ್ನೆ ನನ್ನ ಚಡ್ಡಿಗೆ ಇಸ್ತ್ರಿ ಹಾಕಲಿಕ್ಕೆ ಹೋದ್ರು,” ಎಂದ. “ಅಮ್ಮ ಬರ್ತಾಳೆ, ಚಂದ ಕಾಣಬೇಕು ಅಂತ. ಆಗ ಹಾಲು ಉಕ್ಕಿತು. ಅಜ್ಜ ಓಡಿದ್ರು. ಹಾಲೂ ಹೋಯ್ತು, ಚಡ್ಡಿಯೂ ಸುಟ್ಟಿತು. ಮತ್ತೆ ಅಜ್ಜ ಅವರ ಲುಂಗಿ ಕತ್ತರಿಸಿ ತೇಪೆ ಹಾಕಿದ್ರು. ಅಜ್ಜಿ ಬೈದ್ರು. ಇದೇ ಚಡ್ಡಿ.” ಹಾಗೆಂದು ಹಿಂದೆ ತಿರುಗಿ, ನನ್ನ ಚೌಕಳಿ ಲುಂಗಿಯ ತೇಪೆಯನ್ನು ಸಭೆಗೆಲ್ಲ ತೋರಿಸಿದ.

ಸಭೆ ಬಿದ್ದು ಬಿದ್ದು ನಕ್ಕಿತು. ಮೇಲಿನಿಂದ ಬಂದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಗಳು ನಗುತ್ತ ನನ್ನ ಕಡೆ ತಿರುಗಿ, “ಎಂತ ಅಪ್ಪ ಇದು!” ಎಂದಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಹುಡುಗ ಇಡೀ ಕಥೆಯಲ್ಲಿ ಎಲ್ಲಿಯೂ ಅಪ್ಪನನ್ನು ತರಲಿಲ್ಲ. ಟೀಚರು ಅಂದು ತಮ್ಮ ದಿನದ ಪ್ರಶ್ನೆಯನ್ನೇ ಕೇಳಲಿಲ್ಲ.

ಸಭೆ ಮುಗಿದ ಮೇಲೆ ಹಿತ್ತಲಿಗೆ ಹೋದೆ. ಅವರು ತಟ್ಟೆ ತೊಳೆಯುತ್ತಿದ್ದರು. ಕೈಮುಗಿದೆ.

“ಮೊದಲು ಇಸ್ತ್ರಿ ಹಾಕಲಿಕ್ಕೆ ಕಲೀರಿ ಅಜ್ಜ,” ಎಂದರು, ತಲೆಯೆತ್ತದೆ.

ಅದಾಗಿ ಎರಡು ವರ್ಷ. ಟೀಚರು ನಿವೃತ್ತಿಯಾಗಿ ಕಾಪುವಿನಲ್ಲಿ ತಮ್ಮನ ಮನೆ ಸೇರಿದ್ದಾರೆ. ಮೊಮ್ಮಗ ಈಗ ಒಂದನೇ ಕ್ಲಾಸು. ಕಳೆದ ಆದಿತ್ಯವಾರ ನಾವಿಬ್ಬರೂ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೋದೆವು. ಮಂಡಿನೋವಿನಿಂದ ಅವರು ಜಗಲಿ ಬಿಟ್ಟು ಇಳಿಯುವುದು ಕಡಿಮೆಯಂತೆ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸಿನ ಸುದ್ದಿ, ಶಾಲೆಯ ಸುದ್ದಿ ಎಲ್ಲ ಕೇಳಿದರು. ಆಗ ಪಕ್ಕದ ಮನೆಯ ಹೆಂಗಸೊಬ್ಬರು ಮೀನಿನ ತಟ್ಟೆ ಹಿಡಿದು ಬಂದರು. ಒಳ್ಳೆಯವರೇ. ಆದರೆ ಬಂದವರೇ ಹುಡುಗನ ಗಲ್ಲ ಹಿಡಿದು, “ಅಜ್ಜನ ಜೊತೆ ಬಂದದ್ದಾ? ನಿನ್ನ ಅಪ್ಪ ಎಲ್ಲಿ ಮಗಾ?” ಎಂದು ಕೇಳಿಯೇಬಿಟ್ಟರು.

ಟೀಚರ ಕೈ ಹುಡುಗನ ಬೆನ್ನ ಮೇಲಿತ್ತು. ಅವರು ಬಾಯಿ ಹಾಕಲಿಲ್ಲ.

“ಅಪ್ಪ ನಮ್ಮಲ್ಲಿ ಇಲ್ಲ,” ಎಂದ ಹುಡುಗ. ಬಸ್ಸು ಇಲ್ಲ, ಕರೆಂಟ್ ಇಲ್ಲ ಎನ್ನುವಷ್ಟು ಸಲೀಸಾಗಿ. “ನಮ್ಮಲ್ಲಿ ಅಮ್ಮ ಉಂಟು, ಅಜ್ಜಿ ಉಂಟು, ಅಜ್ಜ ಉಂಟು. ನಿಮಗೆ ಚಕ್ಕುಲಿ ಬೇಕಾ? ಅಜ್ಜ ಮಾಡಿದ್ದು.”

ನಾವು ತಂದಿದ್ದ ಡಬ್ಬಿ ತೆರೆದು ಆ ಹೆಂಗಸಿಗೆ ಕೊಟ್ಟ, ಟೀಚರಿಗೂ ಕೊಟ್ಟ. ಟೀಚರು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಲ್ಲೇ ಅತ್ತುಬಿಡುತ್ತಿದ್ದೆವು. ಸ್ವಲ್ಪ ಹೊತ್ತು ಜಗಿದು, “ಉಪ್ಪು ಒಂದು ಚೂರು ಹೆಚ್ಚಾಯ್ತು ಅಜ್ಜ,” ಎಂದರು.

ಹೆಚ್ಚಾಗಿರಲಿಲ್ಲ. ಬರುವ ತಿಂಗಳು ಇನ್ನೊಂದು ಡಬ್ಬಿ ಮಾಡಿಕೊಂಡು ಹೋಗುತ್ತೇನೆ. ಅದರ ಮರು ತಿಂಗಳೂ ಹೋಗುತ್ತೇನೆ. ನನ್ನ ಎದೆಯಲ್ಲಿ ಉಸಿರು ಇರುವ ತನಕ ಅವರು ಚಕ್ಕುಲಿಗೆ ಕೊರತೆ ಹೇಳುತ್ತಿರಲಿ, ನಾನು ಮಾಡಿ ಕೊಂಡುಹೋಗುತ್ತಿರುತ್ತೇನೆ.